ಮಗಳಿಗೊಂದು ಪತ್ರ: ತೊಗರಿ ಫೋಟೊ ಮತ್ತು ನಿನ್ನ ಅರ್ಜಿ

ಕಲಬುರಗಿ

ಪ್ರೀತಿಯ ಮಗಳೇ,

ಒಣಗಿದ ತೊಗರಿ ಗಿಡಗಳ ಫೋಟೊಗಳನ್ನು ರೈತರಿಂದ ಕೂಡಿಸುವ ನಿನ್ನ ಕೆಲಸಕ್ಕಾಗಿ ಓಪನ್ ಸೀಡ್ಸ್‌ಗೆ ಬರೆದ ಅರ್ಜಿಯ ಕರಡು ಓದಿದೆ. ಫೋನಿನಲ್ಲಿ ಹೇಳಿದರೆ ನಡುನಡುವೆ ವಾದಕ್ಕೆ ನಿಲ್ಲುತ್ತೀಯ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

"ಫೋಟೊ ಇನ್ನೂ ಪೂರ್ತಿ ಆಗಿಲ್ಲ, ಮುಂದಿನ ವರ್ಷ ಅರ್ಜಿ ಹಾಕ್ತೀನಿ ಅವ್ವಾ" ಅಂದೆಯಲ್ಲ, ಅದು ಬೇಡ. ಮುಗಿದ ಕೆಲಸಕ್ಕೆ ದಾರಿ ತೋರಿಸುವವರು ಯಾಕೆ ಬೇಕು ಹೇಳು? ಓಪನ್ ಸೀಡ್ಸ್ ಅನ್ನುವುದು ಮುಕ್ತ ವಿಜ್ಞಾನದ ಕೆಲಸ ಮಾಡುವವರಿಗೆ ದಾರಿ ತೋರಿಸುವ ತರಬೇತಿ, ಅದು ಶುರುವಾದದ್ದೇ ಇನ್ನೂ ಕೈಯಲ್ಲಿರುವ ಕೆಲಸಗಳಿಗಾಗಿ. 16 ವಾರ. ಎರಡು ವಾರಕ್ಕೊಮ್ಮೆ ಮಾರ್ಗದರ್ಶಕರ ಜೊತೆ ಅರ್ಧ ಗಂಟೆ ಮಾತು. ನಡುವೆ ಎಲ್ಲರೂ ಸೇರುವ ಒಂದೂವರೆ ಗಂಟೆಯ ಕಾಲ್. ಎಲ್ಲ ಆನ್‌ಲೈನ್, ಫೀಸಿಲ್ಲ. 2020ರ ಮೊದಲ ತಂಡದಿಂದ ಹಿಡಿದು ಯಾರು ಯಾವ ಯೋಜನೆ ತಂದಿದ್ದರು ಅನ್ನುವುದನ್ನು ಅವರೇ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾರೆ. ಕೂತು ಒಂದಷ್ಟು ಓದು, ನಿನ್ನ ಹೆದರಿಕೆ ಅರ್ಧ ಇಳಿಯುತ್ತದೆ.

ಈಗ ಕರಡಿನ ವಿಚಾರ. ಮೊದಲ ಪುಟ ಪೂರ್ತಿ ತೆಗೆದುಬಿಡು. ಮುಕ್ತ ವಿಜ್ಞಾನ, ಅಂದರೆ ಸಂಶೋಧನೆಯನ್ನು ಎಲ್ಲರಿಗೂ ತೆರೆದಿಡುವುದು, ಯಾಕೆ ಬೇಕು, 2021ರಲ್ಲಿ ಯುನೆಸ್ಕೋ ಏನು ಒಪ್ಪಿತು, ಇದೆಲ್ಲ ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಅಫಜಲಪುರ. ನಿನ್ನ ಕಾಕಾನ ಹೊಲದಲ್ಲಿ ಹೂವು ಬಿಟ್ಟು ನಿಂತ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹೇಗೆ ಒಣಗುತ್ತದೆ ಅನ್ನುವುದು ಗೊತ್ತಿಲ್ಲ. ಬಿತ್ತನೆ, ಗೊಬ್ಬರ, ಕಳೆ, ಔಷಧಿ ಎಲ್ಲದಕ್ಕೂ ಖರ್ಚು ಮಾಡಿ ಮುಗಿದ ಮೇಲೆ ನೆಟೆ ರೋಗ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಶುರು ಮಾಡು. ನಮ್ಮ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಊರಿನ ಹೆಸರಿನ ಸರ್ಕಾರಿ ಗುರುತು) ಬಂದ ಸಾಲನ್ನು ಬೇಕಿದ್ದರೆ ಇಟ್ಟುಕೋ, ಊರಿನ ಹೆಮ್ಮೆ. ಆದರೆ ಒಂದೇ ಸಾಲು.

ನಿನ್ನ ಕೆಲಸದ ನಿಜವಾದ ತಿರುಳು ಮೂರನೇ ಪುಟದಲ್ಲಿ ಅಡಗಿ ಕೂತಿದೆ. ನೆಟೆ ರೋಗ ಶಿಲೀಂಧ್ರದ್ದು, ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಗೊಡ್ಡು ರೋಗ ವೈರಸ್ಸಿನದ್ದು, ಅದನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ನೀರು ನಿಂತ ಹೊಲದಲ್ಲಿ ಬೇರೆಯೇ ಕಾರಣಕ್ಕೂ ಗಿಡ ಸಾಯುತ್ತದೆ. ರೈತರು ಫೋಟೊ ಕಳಿಸುವಾಗ ಎಲ್ಲಕ್ಕೂ "ತೊಗರಿ ಒಣಗಿದೆ" ಅಂತ ಒಂದೇ ಮಾತು ಬರೆಯುತ್ತಾರೆ. ಅದಕ್ಕೇ ನೀನು ಕಾಂಡ ಸೀಳಿ, ಒಳಗಿನ ಕಪ್ಪು ಗೆರೆ ಕಾಣುವಂತೆ ಇನ್ನೊಂದು ಫೋಟೊ ತೆಗೆಸುತ್ತಿದ್ದೀಯ. ಯಾವ ತಳಿ, ಟಿಎಸ್-3ಆರ್ ಬಿತ್ತಿದ್ದರಾ, ಜಿಆರ್‌ಜಿ-811 ಬಿತ್ತಿದ್ದರಾ, ಹೋದ ವರ್ಷ ಅದೇ ಹೊಲದಲ್ಲಿ ತೊಗರಿ ಇತ್ತಾ ಜೋಳ ಇತ್ತಾ ಅಂತ ಕೇಳಿ ಬರೆದುಕೊಳ್ಳುತ್ತಿದ್ದೀಯ. ಇದನ್ನೇ ಅಲ್ವಾ ನೀನು ಮೊದಲು ಹೇಳಬೇಕಾದದ್ದು? ತೊಗರಿಯ ಜೀನೋಮ್, ಅಂದರೆ ಅದರ ವಂಶವಾಹಿಗಳ ಪೂರ್ತಿ ವಿವರ, 2011ರಲ್ಲೇ ಹೊರಬಂತು. ಹೈದರಾಬಾದ್ ದಾರಿಯಲ್ಲಿ ಪಟಾನ್‌ಚೆರು ಬರುತ್ತದಲ್ಲ, ಅಲ್ಲಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಮುಂದೆ ನಿಂತು ಮಾಡಿದ ಕೆಲಸ ಅದು. ಲೋಕದ ಯಾವ ಮೂಲೆಯಲ್ಲಿ ಕೂತವರೂ ಅದನ್ನು ಇಳಿಸಿಕೊಳ್ಳಬಹುದು. ಆದರೆ ಸೀಳಿದ ಕಾಂಡದ ಫೋಟೊ, ಜೊತೆಗೆ ತಳಿಯ ಹೆಸರು, ಹಿಂದಿನ ಬೆಳೆ, ಇದೆಲ್ಲ ಒಂದೇ ಕಡೆ ಬೇಕೆಂದರೆ ಅಷ್ಟು ಸುಲಭಕ್ಕೆ ಸಿಗೋದಿಲ್ಲ.

ಇಲ್ಲಿವರೆಗೆ ಬರೆದದ್ದಕ್ಕೆ ನೀನು ಹೂಂ ಅನ್ನುತ್ತೀಯ, ಗೊತ್ತು. ಮುಂದಿನದಕ್ಕೆ ಸ್ವಲ್ಪ ಸಿಟ್ಟು ಬರಬಹುದು.

"ಸಂಗ್ರಹಿಸಿದ ಎಲ್ಲ ಮಾಹಿತಿಯನ್ನೂ ಸಾರ್ವಜನಿಕವಾಗಿ ತೆರೆದಿಡುತ್ತೇವೆ" ಅಂತ ಬರೆದಿದ್ದೀಯ. ಈ ಸಾಲು ನನಗೆ ಹಿಡಿಸಲಿಲ್ಲ. ರೈತರ ಹೆಸರು ತೆಗೆದರೆ ಸಾಕು ಅಂದುಕೊಂಡಿದ್ದೀಯ. ಲೊಕೇಶನ್ ಆನ್ ಇರುವ ಮೊಬೈಲಿನಲ್ಲಿ ತೆಗೆದ ಫೋಟೊದೊಳಗೆ ಜಾಗದ ಗುರುತು ಕೂತಿರುತ್ತದೆ. ಆ ಗುರುತು ಸಿಕ್ಕರೆ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಸಿಗುತ್ತದೆ. ಸರ್ವೆ ನಂಬರ್ ಸಿಕ್ಕರೆ ಸರ್ಕಾರದ 'ಭೂಮಿ' ವೆಬ್‌ಸೈಟಿನಲ್ಲಿ ಪಹಣಿ ತೆರೆಯಬಹುದು. ಪಹಣಿಯಲ್ಲಿ ಹೊಲ ಯಾರದು ಅಂತ ಇದೆ, 11ನೇ ಕಾಲಮ್ಮಿನಲ್ಲಿ ಹೊಲದ ಮೇಲಿನ ಸಾಲವೂ ಇದೆ. ಹೆಸರು ಅಳಿಸಿದ ಫೋಟೊದಿಂದ ರೈತನ ಬ್ಯಾಂಕ್ ಸಾಲದವರೆಗೆ ಹೋಗಲು ಹತ್ತು ನಿಮಿಷ ಬೇಡ. ಮನೆಯ ಹೆಸರಿನ ಫಲಕ ತೆಗೆದು ಬಾಗಿಲು ತೆರೆದಿಟ್ಟ ಹಾಗೆ ಇದು.

ಹಾಗೆ ಗೊತ್ತಾದರೆ ಏನಾಯ್ತು ಅನ್ನಬೇಡ. ನೆಟೆ ರೋಗ ಮಣ್ಣಿನಲ್ಲಿ ಉಳಿಯುವಂಥದ್ದು. ಇಂಥ ಹೊಲದಲ್ಲಿ ನೆಟೆ ಇದೆ ಅಂತ ಗೊತ್ತಾದರೆ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಕೇಳುವವರು ದರ ಇಳಿಸುತ್ತಾರೆ. ಆ ರೈತನ ಮನೆಯಿಂದ ಬೀಜ ಒಯ್ಯುವವರು ಹಿಂದೆ ಸರಿಯುತ್ತಾರೆ. ನಿನಗೆ ಅದು ಒಂದು ದತ್ತಾಂಶ, ಅವನಿಗೆ ಅದು ಹೊಲದ ಬೆಲೆ. ನಿನ್ನನ್ನು ನಂಬಿ ಫೋಟೊ ಕಳಿಸಿದವರು ಅವರು.

ಹಾಗಂತ ಎಲ್ಲ ಬೀಗ ಹಾಕಿ ಇಡು ಅಂತಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು ನಾನು, ಬೀಗ ಹಾಕಿದ ಕಪಾಟಿನ ಕಷ್ಟ ನನಗೆ ಗೊತ್ತು. ಈಗ ಸರ್ಕಾರವೇ ಚಂದಾ ಕಟ್ಟಿ ಸಂಶೋಧನಾ ಪತ್ರಿಕೆಗಳನ್ನು ಓದಲು ಕೊಡುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಂದಿದೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಒಳ್ಳೆಯದೇ. ಆದರೆ ಅದು ಸರ್ಕಾರಿ ಸಂಸ್ಥೆಗಳಿಗೆ. ನಿನ್ನ ಕಾಕಾನಿಗೆ ಅದರಲ್ಲಿ ಏನೂ ಇಲ್ಲ. ನಿನ್ನ ಸಂಗ್ರಹ ಅವನ ಮೊಬೈಲಿನಲ್ಲೂ ತೆರೆಯಬೇಕು ಅನ್ನುವ ಹಟ ನನಗೂ ಇದೆ.

ಹಾಗಾಗಿ ಅರ್ಜಿಯಲ್ಲೇ ಬಿಡಿಸಿ ಬರೆ. ಫೋಟೊ, ತಳಿ, ಬಿತ್ತಿದ ದಿನ, ಮಣ್ಣು, ಹಿಂದಿನ ಬೆಳೆ, ಇವೆಲ್ಲ ಎಲ್ಲರಿಗೂ. ಜಾಗದ ವಿಷಯದಲ್ಲಿ ತಾಲ್ಲೂಕು ಸಾಕು, ಹೆಚ್ಚೆಂದರೆ ಹೋಬಳಿ. ಫೋಟೊದೊಳಗಿನ ಲೊಕೇಶನ್ ಅಳಿಸಿಯೇ ಹಾಕಬೇಕು. ಪೂರ್ತಿ ವಿವರ ನಿನ್ನ ಹತ್ತಿರ ಇರಲಿ, ಸಂಶೋಧನೆಗೆ ಕೇಳಿದವರಿಗೆ ಕಾರಣ ನೋಡಿ, ರೈತರನ್ನು ಕೇಳಿ ಕೊಡು. ಸಂಶೋಧನೆಯ ಫೈಲುಗಳನ್ನು ಇಡುವ ಝೆನೋಡೊ ವೆಬ್‌ಸೈಟಿನಲ್ಲಿ ವಿವರಣೆ ಎಲ್ಲರಿಗೂ ಕಾಣಿಸಿ ಫೈಲು ಮಾತ್ರ ಮುಚ್ಚಿಡುವ ಅನುಕೂಲ ಇದೆಯಲ್ಲ, ಅದನ್ನು ಬಳಸಿಕೋ. ಇದನ್ನು ಹೇಗೆ ಸರಿಯಾಗಿ ಮಾಡಬೇಕು ಅನ್ನುವುದೇ ಮಾರ್ಗದರ್ಶಕರಿಂದ ನಿನಗೆ ಬೇಕಾದ ಸಹಾಯ ಅಂತ ನೇರವಾಗಿ ಬರೆ. ಈಗ ಕರಡಿನಲ್ಲಿ "ನಾಯಕತ್ವದ ಗುಣ ಬೆಳೆಸಿಕೊಳ್ಳಲು" ಅಂತ ಏನೋ ಇದೆ, ಅದರಿಂದ ಯಾರಿಗೂ ಏನೂ ತಿಳಿಯೋದಿಲ್ಲ.

ಫೋಟೊಗಳನ್ನು ಬೇರೆಯವರು ಯಾವ ಷರತ್ತಿನ ಮೇಲೆ ಬಳಸಬಹುದು ಅನ್ನುವ ಲೈಸೆನ್ಸ್ ಬಗ್ಗೆ ನೀನು ಕೇಳಿದ್ದೆ. ಬೀಜ ಕಂಪನಿಗಳು ಬಳಸಿಕೊಂಡು ದುಡ್ಡು ಮಾಡ್ತಾವೆ, ಅದಕ್ಕೆ ವ್ಯಾಪಾರಕ್ಕೆ ಬಳಸಬಾರದು ಅನ್ನುವ ಷರತ್ತು ಹಾಕ್ತೀನಿ ಅಂದೆ. ನಿನ್ನ ಸಿಟ್ಟು ನ್ಯಾಯದ್ದೇ. ಆದರೆ ಆ ಷರತ್ತು ಹಾಕಿದರೆ ದೊಡ್ಡ ಕಂಪನಿಗಿಂತ ಮೊದಲು ಹಿಂಜರಿಯುವುದು ಬೀಜ ಮಾರುವ ರೈತರ ಸಂಘ, ಸಣ್ಣದೊಂದು ಆ್ಯಪ್ ಮಾಡಿ ಹೊಟ್ಟೆ ಹೊರೆಯುವ ಹುಡುಗ. ಮೂಲ ಹೇಳಿ ಯಾರು ಬೇಕಾದರೂ ಬಳಸಬಹುದು ಅನ್ನುವ ಸಿಸಿ ಬಿವೈ ಲೈಸೆನ್ಸ್ ಸಾಕು, ಬಳಸಿದವರು ಎಲ್ಲಿಂದ ತಂದೆವು ಅಂತ ಹೇಳಲಿ. ಒಂದು ಸಂಗತಿ ಮಾತ್ರ ರೈತರಿಗೆ ಮೊದಲೇ ಹೇಳಬೇಕು: ಒಮ್ಮೆ ಈ ಲೈಸೆನ್ಸಿನಲ್ಲಿ ಬಿಟ್ಟ ಫೋಟೊವನ್ನು ವಾಪಸ್ ಪಡೆಯೋಕಾಗಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಯಾರಾದರೂ ಓದಿ ಹೇಳಲಿ. ವಾಟ್ಸ್‌ಆ್ಯಪ್‌ನಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಒತ್ತಿದರೆ ಅದನ್ನು ಒಪ್ಪಿಗೆ ಅಂತ ನಾನು ನಂಬೋದಿಲ್ಲ.

ಇಂಗ್ಲಿಷಿನ ಚಿಂತೆ ಬಿಡು. ಸಣ್ಣ ಸಣ್ಣ ವಾಕ್ಯ ಬರೆ. ಎಐ ಹತ್ತಿರ ತಿದ್ದಿಸಿದ್ದೀಯ ಅಂತ ನಾಲ್ಕನೇ ಪುಟ ನೋಡಿದ ಕೂಡಲೇ ಗೊತ್ತಾಯ್ತು. ಅದು ನಿನ್ನ ಮಾತಿನ ಥರ ಇಲ್ಲವೇ ಇಲ್ಲ. ನಿನ್ನ ಒರಟು ಇಂಗ್ಲಿಷೇ ವಾಸಿ.

ಕಾಕಾನ ಹತ್ತಿರ ಮಾತಾಡಿದೆ. ಅವನ ಹೊಲದ ಫೋಟೊ ಹಾಕಬಹುದಂತೆ, ಊರಿನ ಹೆಸರು ಮಾತ್ರ ಬೇಡವಂತೆ. "ಒಪ್ಪಿಗೆ ಪತ್ರ ಬರೆದರೆ ಮೊದಲು ನನಗೇ ಕಳಿಸಲಿ, ತಿಳಿಯುತ್ತೋ ಇಲ್ಲವೋ ನೋಡ್ತೀನಿ" ಅಂದ. ಅವನಿಗೆ ಕಳಿಸು. ಅರ್ಜಿಯ ಹೊಸ ಕರಡು ಭಾನುವಾರದೊಳಗೆ ನನಗೆ ಬರಲಿ, ಸೋಮವಾರದಿಂದ ನಿನ್ನ ಅತ್ತೆಯ ಮನೆಯ ಮದುವೆ ಗಡಿಬಿಡಿ, ಆಮೇಲೆ ಓದೋಕೆ ಪುರುಸೊತ್ತು ಸಿಗೋದಿಲ್ಲ.

ನಿನ್ನ
ಅವ್ವ