ಹೆಸರು ಬೇಡವೆಂದ ಫಿಸಿಯೋಥೆರಪಿಸ್ಟ್ ಅವರಿಗೆ

ಪ್ರಾಸ್ಟೇಟ್ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳು ಕಳೆದರೂ ಆಗೊಮ್ಮೆ ಈಗೊಮ್ಮೆ ಮರುಕಳಿಸುವ ನೋವಿನ ಬಗ್ಗೆ ಇಷ್ಟು ಬಿಡಿಸಿ ಹೇಳಿದ ನಿಮಗೆ ಎಲ್ಲ ರೋಗಿಗಳ ಪರವಾಗಿ ಕೃತಜ್ಞತೆ.

ಮೂತ್ರ ಸೋರದಿರಲಿ ಎಂದು ಕೀಗಲ್ ವ್ಯಾಯಾಮ (ಮೂತ್ರ ತಡೆಹಿಡಿಯುವ, ಸೊಂಟದ ತಳದ ಸ್ನಾಯುಗಳನ್ನು ಬಿಗಿದು ಬಿಡುವುದು) ಮಾಡುವವರು ಬಿಗಿಹಿಡಿಯುವುದನ್ನಷ್ಟೇ ಕಲಿತು, ಸಡಿಲಬಿಡುವುದನ್ನು ಮರೆಯುತ್ತಾರೆ. ಸದಾ ಬಿಗಿದಿರುವ ಸ್ನಾಯು ದಣಿದು ನೋಯುತ್ತದೆ. ವೃಷಣ ಮತ್ತು ಗುದದ್ವಾರದ ನಡುವೆ, ಕೆಲವೊಮ್ಮೆ ಶಿಶ್ನದ ತುದಿಯಲ್ಲೂ. ನೀವು ಕೊಟ್ಟ ಲೆಕ್ಕ ಸರಳ: 5 ಸೆಕೆಂಡ್ ಬಿಗಿ, 10 ಸೆಕೆಂಡ್ ಪೂರ್ತಿ ಸಡಿಲ, ಒಮ್ಮೆಗೆ 10 ಸಲ, ದಿನಕ್ಕೆ 3 ಬಾರಿ. ನೋವು ಹೆಚ್ಚಿದ ದಿನ ಬಿಗಿಯುವುದು ಬೇಡ. ಮಂಡಿ ಮಡಚಿ ಮಲಗಿ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆಯುವಾಗ ಆ ಸ್ನಾಯುಗಳು ತಾವೇ ಸಡಿಲವಾಗಲಿ, ಆಮೇಲೆ ಮೆಲ್ಲಗೆ ಉಸಿರು ಬಿಡಲಿ. 5 ನಿಮಿಷ ಸಾಕು. ಹೆಚ್ಚು ಮಾಡಿದರೆ ಬೇಗ ಗುಣ ಎಂಬ ಹಟವೇ ಇಲ್ಲಿ ಶತ್ರು!

ಮಲಬದ್ಧತೆಯನ್ನು ಹೊರಗಿಟ್ಟು ನೋವಿನ ಮಾತಾಡಬಾರದು ಎಂದಿರಿ, ಅದೂ ನಿಜ. ತಿಣುಕಿದಷ್ಟೂ ಅದೇ ಸ್ನಾಯುಗಳಿಗೆ ಹೊಡೆತ. ಪಾದದಡಿ ಚಿಕ್ಕ ಮಣೆಯಿಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲಿರುವಂತೆ ಮಲವಿಸರ್ಜನೆಗೆ ಕೂತರೆ ತಿಣುಕುವುದು ಕಡಿಮೆ. ಗಟ್ಟಿ ಕುರ್ಚಿಗೆ ಮೆತ್ತೆ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಟ.

ಎಲ್ಲ ನೋವನ್ನೂ ಸ್ನಾಯುವಿನ ತಲೆಗೆ ಕಟ್ಟಬಾರದೆಂಬ ನಿಮ್ಮ ಎಚ್ಚರಿಕೆಗೆ ಇನ್ನೊಂದು ನಮಸ್ಕಾರ. ಜ್ವರ, ಮೂತ್ರ ಕಟ್ಟುವುದು, ಮೂತ್ರದಲ್ಲಿ ಹೆಪ್ಪುಗಟ್ಟಿದ ರಕ್ತ, ಒಂದೇ ಮೀನಖಂಡದ ಊತ: ಇವಕ್ಕೆ ಅದೇ ದಿನ ವೈದ್ಯರು. ಬೆನ್ನು ಅಥವಾ ಸೊಂಟದ ಮೂಳೆಯಲ್ಲಿ ಹೊಸದಾಗಿ ಶುರುವಾಗಿ ಬಿಡದೆ ಕಾಡುವ ನೋವನ್ನೂ ತಡಮಾಡದೆ ತೋರಿಸಬೇಕು.