ಕಾಗದ, ಮಸಿ, ದಾರ: ಜನವರಿಯಿಂದ ಶುರುವಾಗುವ ಕೈಕೆಲಸದ ತರಗತಿಗಳ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಜನವರಿಯಿಂದ ಮಾರ್ಚ್‌ವರೆಗೆ ಟೋಕಿಯೊದ ನಮ್ಮ ಭಾನುವಾರದ ಕನ್ನಡ ಶಾಲೆಯಲ್ಲಿ ಎಂಟು ವರ್ಷ ದಾಟಿದ ಮಕ್ಕಳಿಗೆ ನಾಲ್ಕು ದಿನ ಎಂದಿನ ಪಾಠ ಇರುವುದಿಲ್ಲ. ಆ ನಾಲ್ಕು ದಿನಗಳಲ್ಲಿ ಪ್ರತಿ ಮಗುವೂ ತೊಟ್ಟಿಯಿಂದ ಕಾಗದ ಎತ್ತಬೇಕು, ಮಸಿ ತೇಯಬೇಕು, ಕುಂಚದಲ್ಲಿ ಕನ್ನಡದ ಸ್ವರಗಳನ್ನು ಬರೆಯಬೇಕು. ಕೊನೆಗೆ ಅವನ್ನೆಲ್ಲ ದಾರದಲ್ಲಿ ಹೊಲಿದು ಹದಿನಾರು ಪುಟದ ಪುಸ್ತಕ ಮಾಡಿಕೊಂಡು ಮನೆಗೆ ಬರಬೇಕು. ಅಂಟು ಇಲ್ಲ, ಸ್ಟೇಪ್ಲರ್ ಇಲ್ಲ.

ಕಿಮೊನೊ ಉಟ್ಟು, ಮಾಚಾ ಚಹಾ ಕಡೆದು, ಒರಿಗಾಮಿ ಕೊಕ್ಕರೆ ಮಡಚಿ ಅರ್ಧ ದಿನದಲ್ಲಿ ಮುಗಿಸಿಬರುವ ಪ್ಯಾಕೇಜ್ ಅಸಾಕುಸಾದಲ್ಲೇ ಸಿಗುತ್ತದಲ್ಲ ಎಂದು ಕೆಲವರು ಕೇಳಿದ್ದೀರಿ. ಸಿಗುತ್ತದೆ. ಊರಿನಿಂದ ಬಂದ ಅಜ್ಜ-ಅಜ್ಜಿಯನ್ನು ಧಾರಾಳವಾಗಿ ಕರೆದೊಯ್ಯಿರಿ. ಮಕ್ಕಳಿಗೆ ಅದು ಸಾಲದು ಎಂಬುದು ನಮ್ಮ ಅಭಿಪ್ರಾಯ. ಅಂಥ ಕಡೆ ಕೈ ತಪ್ಪಬಹುದಾದ ಕೆಲಸವನ್ನೆಲ್ಲ ಬೇರೆಯವರು ಮೊದಲೇ ಮಾಡಿಟ್ಟಿರುತ್ತಾರೆ. ಮಗುವಿಗೆ ಉಳಿಯುವುದು ಕೊನೆಯ ಐದು ನಿಮಿಷ. ಹಾಗಾಗಿ ಐದು ಕಲೆಗಳನ್ನು ಮುಟ್ಟಿ ಬಿಡುವುದರ ಬದಲು ಒಂದೇ ವಸ್ತುವಿನ ಬೆನ್ನು ಹತ್ತಿದ್ದೇವೆ.

ಮೊದಲ ದಿನ, ಜನವರಿಯ ಮೂರನೇ ಭಾನುವಾರ, ಸಾಯಿತಾಮಾ ಪ್ರಾಂತದ ಓಗಾವಾಮಾಚಿ ಕಡೆಗೆ ಹೋಗುತ್ತೇವೆ. ಓಗಾವಾ ಪಟ್ಟಣ ಮತ್ತು ಪಕ್ಕದ ಹಿಗಾಶಿಚಿಚಿಬು ಹಳ್ಳಿಯಲ್ಲಿ ತಯಾರಾಗುವ ಹೊಸೊಕಾವಾ ಕಾಗದಕ್ಕೆ 1978ರಲ್ಲಿ ಜಪಾನ್ ಸರ್ಕಾರದ ಸಾಂಸ್ಕೃತಿಕ ಮಾನ್ಯತೆ ಸಿಕ್ಕಿತು. 2014ರಲ್ಲಿ ಶಿಮಾನೆಯ ಸೆಕಿಶು ಮತ್ತು ಗಿಫುವಿನ ಹೊನ್‌ಮಿನೊ ಕಾಗದಗಳ ಜೊತೆ ಇದೂ ಯುನೆಸ್ಕೊ ಪಟ್ಟಿ ಸೇರಿತು. ಎದೋ ಕಾಲದಲ್ಲಿ (1603–1868) ಈ ಕಾಗದ ಪೇಟೆಯ ವರ್ತಕರ ಲೆಕ್ಕದ ಪುಸ್ತಕಗಳಿಗೆ ಹೋಗುತ್ತಿತ್ತು. ನಮ್ಮ ಕಡೆ ಅದೇ ಕೆಲಸಕ್ಕೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತ ಇತ್ತಲ್ಲ, ಹಾಗೆ. ದಿನವಿಡೀ ತಿರುವಿದರೂ ಹರಿಯದಂಥದ್ದು ಬೇಕಿತ್ತು.

ಹರಿಯದಿರುವುದಕ್ಕೆ ಕಾರಣ ನಾರಿನ ಉದ್ದ. ಯಂತ್ರದ ಕಾಗದಕ್ಕೆ ಬಳಸುವ ಮರದ ತಿರುಳಿನ ನಾರು 1ರಿಂದ 3 ಮಿ.ಮೀ. ಇದ್ದರೆ, ಈ ಕಾಗದಕ್ಕೆ ಬಳಸುವ ಕೋಜೊ ಗಿಡದ ತೊಗಟೆಯ ನಾರು ಸುಮಾರು 10 ಮಿ.ಮೀ. ಇರುತ್ತದೆ. ಎಲೆ ಉದುರಿದ ಮೇಲೆ ಚಳಿಗಾಲದಲ್ಲಿ ಆ ವರ್ಷದ ಕೊಂಬೆಗಳನ್ನು ಕಡಿದು, ಹಬೆಯಲ್ಲಿ ಬೇಯಿಸಿ, ತೊಗಟೆ ಸುಲಿಯುತ್ತಾರೆ. ಮೇಲಿನ ಕಪ್ಪು ಪದರವನ್ನು ಚಾಕುವಿನಿಂದ ಹೆರೆದು ತೆಗೆದು, ಉಳಿದ ಬಿಳಿ ತೊಗಟೆಯನ್ನು ಸೋಡಾ ಬೂದಿಯ ನೀರಿನಲ್ಲಿ ಸುಮಾರು ಎರಡು ಗಂಟೆ ಕುದಿಸುತ್ತಾರೆ. ತೊಳೆದು, ಹರಿವ ನೀರಿನಲ್ಲಿ ಕೂತು ಕಸದ ಚುಕ್ಕೆಗಳನ್ನು ಒಂದೊಂದಾಗಿ ಆರಿಸಿ, ಆಮೇಲೆ ಬಡಿಯುತ್ತಾರೆ. 100 ಕೆ.ಜಿ. ಹಸಿ ಕೊಂಬೆಯಿಂದ ಕೊನೆಗೆ ದಕ್ಕುವ ಕಾಗದ 4-5 ಕೆ.ಜಿ. ಅಷ್ಟೆ. ಇದಿಷ್ಟೂ ನಾವು ಹೋಗುವ ಹೊತ್ತಿಗೆ ಮುಗಿದಿರುತ್ತದೆ. ಅದನ್ನು ಒಂದು ದಿನದಲ್ಲಿ ಮಕ್ಕಳಿಂದ ಮಾಡಿಸಲಾಗದು. ಆದರೆ ಆರಿಸಿದ ತಿರುಳಿನಲ್ಲೂ ಚುಕ್ಕೆ ಉಳಿದಿರುತ್ತದೆ. ಪ್ರತಿ ಮಗುವಿಗೂ ಒಂದು ಬಟ್ಟಲು ತಿರುಳು ಕೊಟ್ಟು ಕಾಲು ಗಂಟೆ ಆರಿಸಲು ಕೂರಿಸುತ್ತೇವೆ. ಬೇಸರವಾಗುತ್ತದೆ. ಆಗಲಿ.

ಇನ್ನು ತೊಟ್ಟಿಯ ಗುಟ್ಟು. ನೀರು ಮತ್ತು ನಾರನ್ನಷ್ಟೇ ಬೆರೆಸಿದರೆ ಉದ್ದ ನಾರು ಗಂಟು ಕಟ್ಟಿ ತಳಕ್ಕೆ ಇಳಿಯುತ್ತದೆ. ಅದಕ್ಕೆ ತೊರೊರೊ-ಆಓಯಿ ಎಂಬ ಗಿಡದ ಬೇರನ್ನು ಜಜ್ಜಿ, ನೀರಲ್ಲಿ ನೆನೆಹಾಕಿ, ಸೋಸಿದ ಲೋಳೆಯನ್ನು ಸೇರಿಸುತ್ತಾರೆ. ಹೆಸರು ನೇರಿ. ಈ ಗಿಡ ನಮ್ಮ ಬೆಂಡೆಯ ದಾಯಾದಿ, ಒಂದೇ ಕುಲದ್ದು. ತಿಳಿಹಳದಿ ಎಸಳು, ನಡುವೆ ಕಪ್ಪುಗೆಂಪು ಕಣ್ಣಿರುವ ಹೂವನ್ನು ನೋಡಿದರೆ ಬೆಂಡೆ ಬೆಳೆದವರಿಗೆ ತಕ್ಷಣ ಗೊತ್ತಾಗುತ್ತದೆ. ದೇಶದ ಬಹುಪಾಲು ಬೇರು ಇಬಾರಾಕಿಯ ಓಮಿತಾಮಾದಲ್ಲಿ ಬೆಳೆಯುತ್ತದೆ. ಬೇರು ದಪ್ಪವಾಗಲೆಂದು ಅಲ್ಲಿ ಮೊಗ್ಗುಗಳನ್ನು ಚಿವುಟಿಹಾಕುತ್ತಾರೆ. ನೇರಿಯನ್ನು ಅಂಟು ಎಂದು ತಿಳಿಯುವವರೇ ಹೆಚ್ಚು. ಅದು ಏನನ್ನೂ ಅಂಟಿಸುವುದಿಲ್ಲ. ನಾರುಗಳನ್ನು ನೀರಿನಲ್ಲಿ ತೇಲಿಸಿಡುತ್ತದೆ, ಜರಡಿಯಿಂದ ನೀರು ಬೇಗ ಇಳಿಯದಂತೆ ತಡೆಯುತ್ತದೆ. ಆ ತಡ ಸಿಕ್ಕಿದ್ದರಿಂದಲೇ ಚೌಕಟ್ಟನ್ನು ಅಲುಗಾಡಿಸಿ ನಾರನ್ನು ಹೆಣೆಯಲು ಸಮಯವಾಗುತ್ತದೆ.

ಬಿಸಿಗೆ ಈ ಲೋಳೆ ಕೆಡುತ್ತದೆ. ಮೈ ಕೊರೆಯುವ ಜನವರಿಯಲ್ಲೇ ಯಾಕೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಇದೇ. ಮನೆಯಲ್ಲೇ ಪರೀಕ್ಷಿಸಿ: ನಾಲ್ಕು ಬೆಂಡೆಕಾಯಿಯನ್ನು ಬಿಲ್ಲೆ ಮಾಡಿ 200 ಮಿ.ಲೀ. ತಣ್ಣೀರಿನಲ್ಲಿ ಹಾಕಿ, ರಾತ್ರಿ ಫ್ರಿಜ್‌ನಲ್ಲಿಟ್ಟು, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ. ಬೆರಳದ್ದಿ ಎತ್ತಿದರೆ ನೂಲಿನಂತೆ ಎಳೆ ಬರಬೇಕು. ಅರ್ಧವನ್ನು ಬಿಸಿಮಾಡಿ, ಆರಿಸಿ, ಮತ್ತೆ ಎತ್ತಿ ನೋಡಿ. ಎಳೆ ಮೊದಲಿನಷ್ಟು ಉದ್ದ ಬಾರದು. ಉಳಿದರ್ಧವನ್ನು ಚಿಕ್ಕ ಬಾಟಲಿಯಲ್ಲಿ ತುಂಬಿ ಮಗುವಿನ ಕೈಗೆ ಕೊಟ್ಟು ಕಳಿಸಿ, ನೇರಿಯ ಪಕ್ಕದಲ್ಲಿಟ್ಟು ಹೋಲಿಸುತ್ತೇವೆ.

ಎತ್ತುವ ಸಲಕರಣೆಗೆ ಎರಡು ಭಾಗ: ಸೀಳಿದ ಸಣ್ಣ ಬಿದಿರಕಡ್ಡಿಗಳನ್ನು ನೂಲಿನಿಂದ ಹೆಣೆದ ಚಾಪೆ ‘ಸು’, ಅದನ್ನು ಹಿಡಿದಿಡುವ ಮರದ ಚೌಕಟ್ಟು ‘ಕೆತಾ’. ಮೊದಲ ಮುಳುಗು ಬೇಗ, ತೆಳ್ಳಗೆ. ನೀರು ಚಾಪೆಯ ತುದಿಯಿಂದ ತುದಿಗೆ ಒಮ್ಮೆ ಹರಿದು ಹೋಗಬೇಕು. ಕಾಗದದ ಮುಖ ಆಗುವುದು ಆ ಪದರ. ಆಮೇಲೆ ಎರಡು ಮೂರು ಸಲ ತುಂಬಿಕೊಂಡು, ಹಿಂದಕ್ಕೂ ಮುಂದಕ್ಕೂ ತೂಗಿ, ದಪ್ಪ ಸಾಕು ಅನ್ನಿಸಿದಾಗ ಉಳಿದ ನೀರನ್ನು ಆಚೆ ಅಂಚಿನಿಂದ ಎಸೆಯಬೇಕು. ಮಕ್ಕಳು ತಪ್ಪುವುದು ಸಾಮಾನ್ಯವಾಗಿ ಇಲ್ಲೇ. ನೀರು ಬಹುತೇಕ ಇಳಿದ ಮೇಲೂ ಅಲುಗಾಡಿಸಿದರೆ ಕೂತ ನಾರು ಕಿತ್ತು ಬಿರುಕಾಗುತ್ತದೆ. ಒಂದು ಮೂಲೆಯನ್ನು ಮೊದಲು ಎತ್ತಿದರೆ ತಿರುಳೆಲ್ಲ ಎದುರು ಮೂಲೆಗೆ ಜಾರುತ್ತದೆ, ಒಂದು ಕಡೆ ರೊಟ್ಟಿ, ಇನ್ನೊಂದು ಕಡೆ ಹಪ್ಪಳ. ಒದ್ದೆ ಹಾಳೆಯ ಮೇಲೆ ಬೆರಳಿನಿಂದ ಒಂದು ಹನಿ ಬಿದ್ದರೂ ಅಲ್ಲಿ ನಾರು ಸರಿದು ಕಿಟಕಿಯಾಗುತ್ತದೆ. ಚಾಪೆಯನ್ನು ಮಗುಚುವಾಗ ಕೆಳಗೆ ಗಾಳಿ ಸಿಕ್ಕಿಕೊಂಡರೆ ಒತ್ತುವಾಗ ಗುಳ್ಳೆ ಒಡೆಯುತ್ತದೆ. ಇದಕ್ಕೆಲ್ಲ ಮದ್ದು ಮತ್ತೆ ಎತ್ತುವುದು. ಹಾಗಾಗಿ ತಲಾ ಒಂದಲ್ಲ, ಮೂರು ಹಾಳೆ ಎತ್ತಿಸುತ್ತೇವೆ.

ಒದ್ದೆ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ಮೊದಲು ಹಗುರ ಭಾರ, ನಿಧಾನವಾಗಿ ಹೆಚ್ಚು ಭಾರ ಹೇರುತ್ತಾರೆ. ಒಮ್ಮೆಗೇ ಒತ್ತಿದರೆ ನೀರಿನ ಜೊತೆ ನಾರೂ ಹೊರಗೆ ನುಗ್ಗುತ್ತದೆ. ಹಲಗೆಗೆ ಅಂಟಿಸಿ ಬಿಸಿಲಿಗೆ ಒಣಗಿಸುವುದು ಹಳೆಯ ಕ್ರಮ. ಬಿಸಿಲು ಚೆನ್ನಾಗಿ ಬಂದ ದಿನವನ್ನು ಓಗಾವಾದವರು ‘ಪಿಕ್ಕಾರಿ ಸೆನ್‌ರ್ಯೊ’ ಎನ್ನುತ್ತಿದ್ದರು, ಹೊಳೆದರೆ ಸಾವಿರ ವರಹ ಎಂಬ ಹಾಗೆ. ಹಾಳೆಗಳು ಅಂದೇ ಕೈಗೆ ಸಿಗದಿದ್ದರೆ ಅಂಚೆಯಲ್ಲಿ ಬರುತ್ತವೆ, ಮಕ್ಕಳಿಗೆ ಮೊದಲೇ ಹೇಳಿಡಿ.

ಅಂದು ತೋಳು ಮೊಣಕೈ ಮೇಲೆ ಏರುವ ಉಡುಪು ಇರಲಿ. ಬಳೆ, ಉಂಗುರ, ವಾಚು ಮನೆಯಲ್ಲೇ ಬಿಡಿ. ಬಿದಿರ ಚಾಪೆಗೆ ಒಂದು ಗೀರು ಬಿದ್ದರೆ ಮುಂದಿನ ಪ್ರತಿ ಹಾಳೆಯಲ್ಲೂ ಆ ಗೆರೆ ಮೂಡುತ್ತದೆ. ಒಂದು ಜೊತೆ ಒಣ ಕಾಲುಚೀಲ, ಚಿಕ್ಕ ಟವೆಲ್, ಊಟದ ಡಬ್ಬಿ.

ಫೆಬ್ರವರಿಯ ಮೊದಲ ಮತ್ತು ಮೂರನೇ ಭಾನುವಾರ ಶೊದೊ, ಅಂದರೆ ಕುಂಚದ ಬರಹ, ನಮ್ಮ ಎಂದಿನ ಕೋಣೆಯಲ್ಲೇ. ಜಪಾನಿ ಶಾಲೆಗೆ ಹೋಗುವ ಮಕ್ಕಳಿಗೆ ಮೂರನೇ ತರಗತಿಯಿಂದಲೇ ಕುಂಚದ ಪಾಠ ಇರುವುದರಿಂದ ಅವರ ಬಳಿ ಕುಂಚ-ಮಸಿಯ ಪೆಟ್ಟಿಗೆ ಇರುತ್ತದೆ, ಅದನ್ನೇ ತರಲಿ. ಇಲ್ಲದವರಿಗೆ ಶಾಲೆಯಲ್ಲಿ ಕೊಡುತ್ತೇವೆ.

ಒಂದು ವಿಷಯ ಮುಂಚೆಯೇ ತಿಳಿಸಬೇಕು. ಸುಮಿ ಎಂಬ ಮಸಿಕಡ್ಡಿ ಎಣ್ಣೆಯ ಅಥವಾ ಪೈನ್ ಮರದ ಹೊಗೆಮಸಿಯನ್ನು ನಿಕಾವಾ ಜೊತೆ ನಾದಿ ಮಾಡಿದ್ದು. ನಿಕಾವಾ ಎಂದರೆ ಪ್ರಾಣಿಯ ಚರ್ಮ, ಎಲುಬಿನಿಂದ ತೆಗೆದ ಅಂಟು. ಕುಂಚದಲ್ಲಿ ಮೇಕೆ ಅಥವಾ ಕುದುರೆಯ ಕೂದಲು ಇರುತ್ತದೆ. ಮನೆಯ ಆಚಾರದ ಕಾರಣಕ್ಕೆ ಬೇಡ ಎನ್ನುವವರು ಒಪ್ಪಿಗೆ ಚೀಟಿಯಲ್ಲಿ ಬರೆಯಿರಿ, ಕಾರಣ ಕೇಳುವುದಿಲ್ಲ. ಕೃತಕ ರಾಳದ ಬಾಟಲಿ ಮಸಿ, ನೈಲಾನ್ ಕುಂಚ ತಂದಿಡುತ್ತೇವೆ. ಆ ಮಕ್ಕಳಿಗೆ ತೇಯುವ ಕೆಲಸ ತಪ್ಪುತ್ತದೆ, ಅದೊಂದು ನಷ್ಟ. ರಾಳದ ಮಸಿ ಒಣಗಿದರೆ ಕುಂಚ ಕಲ್ಲಾಗುತ್ತದೆ, ತಕ್ಷಣ ತೊಳೆಯಬೇಕು.

ತೇಯುವವರಿಗೆ: ಸುಜುರಿ ಎಂಬ ಮಸಿ ತೇಯುವ ಕಲ್ಲಿನ ತಗ್ಗಿಗೆ ‘ಕಡಲು’ ಎಂದೂ ಸಪಾಟು ಭಾಗಕ್ಕೆ ‘ದಿಬ್ಬ’ ಎಂದೂ ಹೆಸರು. ದಿಬ್ಬದ ಮೇಲೆ ಕೆಲವೇ ಹನಿ ನೀರು ಹಾಕಿ, ಗಂಧ ತೇಯುವ ಹಗುರದಲ್ಲಿ ಸುತ್ತು ಸುತ್ತಾಗಿ ತೇಯಬೇಕು. ಗಟ್ಟಿಯಾದದ್ದನ್ನು ಕಡಲಿಗೆ ಇಳಿಸಿ ಮತ್ತೆ ಹನಿ ನೀರು. ಒತ್ತಿ ತೇದರೆ ಕಣ ದಪ್ಪವಾಗಿ ಮಸಿಗೆ ಹೊಳಪು ಬರುವುದಿಲ್ಲ. ಕಡ್ಡಿಯನ್ನು ಕಲ್ಲಿನ ಮೇಲೆ ಬಿಟ್ಟರೆ ಅಲ್ಲೇ ಅಂಟಿ, ಕೀಳುವಾಗ ಕಲ್ಲಿನ ಮೈಯೂ ಏಳುತ್ತದೆ. ತೇದ ಮಸಿ ಅಂದಂದಿಗೇ ಮುಗಿಯಬೇಕು. ಮಾರನೇ ದಿನಕ್ಕೆ ಅಂಟು ಹಳಸಿ ವಾಸನೆ ಬರುತ್ತದೆ. ಬಟ್ಟೆಗೆ ಬಿದ್ದರೆ ಪೂರ್ತಿ ಹೋಗುವುದಿಲ್ಲ, ಕಪ್ಪು ಅಂಗಿ ಹಾಕಿ ಕಳಿಸಿ. ಬಿದ್ದೇಬಿಟ್ಟರೆ ಅನ್ನದ ಅಗುಳಿಗೆ ಸಾಬೂನುಪುಡಿ ಸೇರಿಸಿ ಹಿಸುಕಿ ಉಜ್ಜಿ, ಒಂದಿಷ್ಟು ಮಾಸುತ್ತದೆ.

ಕನ್ನಡ ಅಕ್ಷರವನ್ನು ಈ ಕುಂಚದಲ್ಲಿ ಬರೆಯುವುದು ಸುಲಭವಲ್ಲ. ಜಪಾನಿ ಗೆರೆಗೆ ನಿಲ್ಲುವುದು, ಚಿಮ್ಮುವುದು, ಸವರುವುದು ಎಂಬ ಮೂರು ಅಂತ್ಯಗಳಿವೆ; ನಮ್ಮದು ಸುತ್ತಿ ಸುತ್ತಿ ಹೋಗುವ ಲಿಪಿ. ‘ಅ’ ಬರೆಯುವಾಗ ಮಕ್ಕಳು ಪೆನ್ಸಿಲ್ಲಿನಂತೆ ಬೆರಳಲ್ಲಿ ಕುಂಚವನ್ನು ಹೊರಳಿಸುತ್ತಾರೆ. ಆಗ ತುದಿ ಸೀಳಿ, ಬಳುಕಿನ ಒಳಗಡೆ ಬಿಳಿ ಗೀರು ಉಳಿಯುತ್ತದೆ. ಕುಂಚ ನೆಟ್ಟಗೆ ನಿಲ್ಲಬೇಕು, ಮೊಣಕೈ ಮೇಜಿನಿಂದ ಎದ್ದಿರಬೇಕು, ತೋಳು ಸುತ್ತಬೇಕು, ತುದಿ ಗೆರೆಯ ನಡುವೆ ಓಡಬೇಕು. ಮೊದಲ ಭಾನುವಾರ ಪೂರ್ತಿ ಸೊನ್ನೆ ಮಾತ್ರ.

ಎರಡನೇ ಶೊದೊ ತರಗತಿಯಲ್ಲಿ ಪುಸ್ತಕದ ಪುಟಗಳು. ಹಾನ್ಶಿ ಎಂಬ ಕುಂಚದ ಬರಹದ ಹಾಳೆ ಸುಮಾರು 33.4 × 24.3 ಸೆಂ.ಮೀ.; ಅಡ್ಡಲಾಗಿ ಇಟ್ಟು ನಡುವೆ ಮಡಚಿದರೆ ಎರಡು ಪುಟ. ಎಂಟು ಹಾಳೆಗೆ ಹದಿನಾರು ಪುಟ: ಹದಿಮೂರು ಸ್ವರ, ಅಂ, ಅಃ, ಕೊನೆಯದರಲ್ಲಿ ಮಗುವಿನ ಹೆಸರು. ಬರೆದ ಮೇಲೆ ಬರಹ ಹೊರಗೆ ಕಾಣುವಂತೆ ಮಡಚುವುದರಿಂದ ಮಡಿಕೆ ಓದುವವರ ಬೆರಳ ಕಡೆ ಬರುತ್ತದೆ, ಬಿಡಿ ಅಂಚುಗಳು ಬೆನ್ನಿಗೆ ಹೋಗುತ್ತವೆ. ಆದ್ದರಿಂದ ಹಾಳೆಯ ಎಡ ಮತ್ತು ಬಲ ತುದಿಯಲ್ಲಿ 3 ಸೆಂ.ಮೀ. ಖಾಲಿ ಬಿಡಬೇಕು. ಬಿಡದಿದ್ದರೆ ‘ಈ’ಯ ಅರ್ಧ ಹೊಲಿಗೆಯೊಳಗೆ ಹೋಗುತ್ತದೆ. ಜಪಾನಿ ಪುಸ್ತಕಕ್ಕೆ ಬೆನ್ನು ಬಲಗಡೆ, ನಮ್ಮದಕ್ಕೆ ಎಡಗಡೆ. ನೋಡಿಕೊಳ್ಳದೆ ಹೊಲಿದರೆ ಅಕ್ಷರಮಾಲೆ ‘ಅಃ’ದಿಂದ ಶುರುವಾಗುತ್ತದೆ.

ಮಾರ್ಚ್‌ನ ಮೊದಲ ಭಾನುವಾರ ಹೊಲಿಗೆ. ಯೊತ್ಸುಮೆ-ತೊಜಿ, ಅಂದರೆ ನಾಲ್ಕು ಕಣ್ಣಿನ ಕಟ್ಟು. ಮೊದಲು ಒಳಪುಟಗಳು ಜರುಗದಂತೆ ಕಾಗದದ ಹುರಿ ಹಾಕಬೇಕು: 2-3 ಸೆಂ.ಮೀ. ಅಗಲದ ಪಟ್ಟಿಯನ್ನು ಓರೆಯಾಗಿ, ದೇವರ ದೀಪಕ್ಕೆ ಬತ್ತಿ ಹೊಸೆದಂತೆ ಹೊಸೆಯುವುದು. ಅಜ್ಜಿಯರು ಮನೆಯಲ್ಲಿದ್ದರೆ ಇದನ್ನು ಅವರಿಂದಲೇ ಕಲಿತು ಬರಲಿ. ಓಗಾವಾದಲ್ಲಿ ಎತ್ತಿದ ಹಾಳೆಗಳು ರಕ್ಷಾಪುಟವಾಗುತ್ತವೆ. ಮಕ್ಕಳ ಹಾಳೆ ದಪ್ಪ, ಮಸಿ ಹೀರಿ ಹರಡುತ್ತದೆ, ಒಳಗೆ ಬರೆಯಲು ಆಗುವುದಿಲ್ಲ.

ಬೆನ್ನಿನಿಂದ 1 ಸೆಂ.ಮೀ. ಒಳಗೆ ಗೆರೆ, ಮೇಲಿನಿಂದ ಮತ್ತು ಕೆಳಗಿನಿಂದ 2 ಸೆಂ.ಮೀ.ಗೆ ಒಂದೊಂದು ತೂತು, ನಡುವಿನ 20.3 ಸೆಂ.ಮೀ.ಯನ್ನು ಮೂರು ಭಾಗ ಮಾಡಿ ಇನ್ನೆರಡು. ದಬ್ಬಣ, ಸುತ್ತಿಗೆ ದೊಡ್ಡವರ ಕೈಯಲ್ಲೇ ಇರಬೇಕು. ಅದಕ್ಕೆ ನಾಲ್ವರು ಪೋಷಕರು ಬೇಕು, ಹೆಸರು ಕೊಡಿ. ದಬ್ಬಣ ವಾಲಿದರೆ ಹಿಂದುಗಡೆ ತೂತುಗಳು ಸಾಲು ತಪ್ಪುತ್ತವೆ. ದಾರ 90 ಸೆಂ.ಮೀ. ಸಾಕು, ಉದ್ದ ಹೆಚ್ಚಾದಷ್ಟೂ ಸಿಕ್ಕು. ಎರಡನೇ ತೂತಿನಿಂದ ಹೊರಟು, ಪ್ರತಿ ತೂತಿನಲ್ಲೂ ಬೆನ್ನನ್ನು ಒಮ್ಮೆ ಸುತ್ತಿ ಕೆಳ ತುದಿಗೆ, ತುದಿಯನ್ನು ಸುತ್ತಿ ಮೇಲಕ್ಕೆ. ಬಿಟ್ಟುಹೋದ ಅಂತರಗಳೆಲ್ಲ ವಾಪಸು ಬರುವಾಗ ತುಂಬಿಕೊಳ್ಳುತ್ತವೆ. ಮೇಲಿನ ತುದಿಯನ್ನೂ ಸುತ್ತಿ, ಹೊರಟ ತೂತಿಗೆ ಬಂದು ಗಂಟು. ಎಲ್ಲಾದರೂ ಒಂದು ಅಂತರ ಖಾಲಿ ಕಂಡರೆ ಮಗು ಒಂದು ಸುತ್ತು ಮರೆತಿದೆ ಎಂದರ್ಥ. ಗಂಟಿಗೆ ಮೊದಲೇ ನೋಡಿಕೊಂಡರೆ ಬಿಚ್ಚಬಹುದು.

ಪ್ರಯಾಣ: ನಿಶಿ-ಕಸಾಯಿ ನಿಲ್ದಾಣದಲ್ಲಿ ಬೆಳಗ್ಗೆ 7ಕ್ಕೆ ಸೇರುತ್ತೇವೆ. ತೋಜಾಯಿ ಲೈನಿನಲ್ಲಿ ಈದಾಬಾಶಿ, ಅಲ್ಲಿಂದ ಯುರಾಕುಚೊ ಲೈನಿನಲ್ಲಿ ಇಕೆಬುಕುರೊ, ಆಮೇಲೆ ತೋಬು ತೋಜೊ ಲೈನಿನಲ್ಲಿ ಓಗಾವಾಮಾಚಿಗೆ ಸುಮಾರು ಒಂದೂಕಾಲು ಗಂಟೆ. ಮುಂದಿನ ಬಸ್ಸುಗಳು ವಿರಳ, ಹಾಗಾಗಿ ತಡವಾಗಿ ಬಂದವರಿಗೆ ಕಾಯುವುದಿಲ್ಲ. ಕೈಯಲ್ಲಿ ಗಾಯ, ಬಿರುಕು ಇದ್ದರೆ ಅಥವಾ ತಣ್ಣೀರು ಆಗದಿದ್ದರೆ ಚೀಟಿಯಲ್ಲಿ ಬರೆಯಿರಿ. ಚೀಟಿ ಡಿಸೆಂಬರ್‌ನ ಕೊನೆಯ ತರಗತಿಯೊಳಗೆ ನಮ್ಮ ಕೈ ಸೇರಲಿ.

ಬೆಂಡೆಕಾಯಿ ನೀರಿನ ಬಾಟಲಿಯ ಮುಚ್ಚಳವನ್ನು ದಯವಿಟ್ಟು ನೀವೇ ತಿರುಗಿಸಿ ಬಿಗಿಮಾಡಿ. ರೈಲಿನ ಸೀಟಿನ ಮೇಲೆ ಚೆಲ್ಲಿದರೆ ಒರೆಸಿದಷ್ಟೂ ಹರಡುತ್ತದೆ.

ಇತಿ,
ಮುಖ್ಯ ಶಿಕ್ಷಕಿ