ಮಂಜನಿಗೊಂದು ಪತ್ರ: ಕೈ ಎತ್ತದವನ ಹೆಮ್ಮೆ

ಲೋ ಮಂಜ,

ವಾಟ್ಸಾಪ್‌ನಲ್ಲಿ ಬರೆದರೆ ನೀನು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಇಲ್ಲಿ, ಎಲ್ಲರ ಎದುರು ಬರೆಯುತ್ತಿದ್ದೇನೆ. ಓದುವ ಉಳಿದವರು ಕ್ಷಮಿಸಬೇಕು. ಇವನಿಗೆ ನಾನು ಇನ್ನೂ ಒಂದು ಕೊಡೆ ಬಾಕಿ. ಆ ವಿಷಯ ಕಾಮೆಂಟಲ್ಲಿ ಎತ್ತಬೇಡ ಮಾರಾಯ.

ಚೀನಾದ ಯೀವೂ ನೆನಪಿದೆಯಲ್ಲ? ಹೇರ್‌ಕ್ಲಿಪ್ಪು, ಆಟಿಕೆ ಅಂತ ಆ ಮುಗಿಯದ ಮಾರ್ಕೆಟ್ಟಿನಲ್ಲಿ ಎರಡು ವರ್ಷ ಅಲೆದೆನಲ್ಲ. ಆಗ ನನಗೊಬ್ಬಳು ದುಭಾಷಿ ಇದ್ದಳು. ಅವಳ ಗೆಳೆಯ ಗಂಟೆಗೊಮ್ಮೆ ವೀಚಾಟ್‌ನಲ್ಲಿ ವಿಡಿಯೋ ಕಾಲ್ ಮಾಡುತ್ತಿದ್ದ. ಅವಳು ಫೋನು ತಿರುಗಿಸಿ ಅಂಗಡಿ ತೋರಿಸಬೇಕು, ನನ್ನನ್ನೂ ತೋರಿಸಬೇಕು. ನಾನು ಹಲ್ಲು ಕಿರಿದು ಕೈ ಬೀಸುತ್ತಿದ್ದೆ! 'ಎಷ್ಟು ಪ್ರೀತಿ ನೋಡು' ಎಂದು ನಿನಗೆ ಬರೆದವನೂ ನಾನೇ.

ಅವಳಿಗೆ ಸದಾ ಹೊಟ್ಟೆನೋವು. ರಿಪೋರ್ಟೆಲ್ಲ ನಾರ್ಮಲ್. ನಿದ್ದೆ ಇಲ್ಲ, ತಲೆ ಭಾರ. ಬೆಲೆ ಹೇಳುವಾಗ ಸೊನ್ನೆ ತಪ್ಪುತ್ತಿತ್ತು, ಅದಕ್ಕೆ ನಾನು ಬೈದದ್ದೂ ಉಂಟು. ಮನಸ್ಸಿಗೆ ಬೇಜಾರು ಎಂದು ಒಂದು ದಿನವೂ ಹೇಳಲಿಲ್ಲ. 'ನರ ನಿಶ್ಶಕ್ತಿ ಅಂತಾರೆ ಅಮ್ಮ' ಅನ್ನುತ್ತಿದ್ದಳು. (ನಮ್ಮೂರ ಗೋಡೆ ಜಾಹೀರಾತಿನ ನರದೌರ್ಬಲ್ಯ ಅಲ್ಲ, ನಗಬೇಡ.) ಅದು ಅಲ್ಲಿ ಹಳೆಯ ಕಾಯಿಲೆ. 1980ರಲ್ಲಿ ಆರ್ಥರ್ ಕ್ಲೈನ್‌ಮನ್ ಎಂಬ ಅಮೆರಿಕದ ಡಾಕ್ಟರು ಚೀನಾದ ಚಾಂಗ್‌ಷಾ ನಗರದಲ್ಲಿ ಈ ಕಾಯಿಲೆಯ 100 ಜನರನ್ನು ನೋಡಿದರು. 87 ಜನರಿಗೆ ಇದ್ದದ್ದು ಖಿನ್ನತೆ. ಬಾಯಿ ಹೇಳದ್ದನ್ನು ಹೊಟ್ಟೆ, ತಲೆ ಹೇಳುತ್ತಿದ್ದವು.

ಒಂದು ದಿನ ಅವಳು ಬರಲಿಲ್ಲ. ಅಂಗಡಿಯವನನ್ನು ಕೇಳಿದರೆ ಗಾದೆ ಹೇಳಿದ. ಎಂಥ ಪ್ರಾಮಾಣಿಕ ಅಧಿಕಾರಿಗೂ ಮನೆಯೊಳಗಿನ ವ್ಯಾಜ್ಯ ಬಗೆಹರಿಯೋದಿಲ್ಲವಂತೆ. ನಮ್ಮ 'ಉಂಡು ಮಲಗುವ ತನಕ' ನೆನಪಾಯಿತು. ತಲೆಯಾಡಿಸಿ ಮುಂದಿನ ಅಂಗಡಿಗೆ ಹೋದೆ.

ಇದೆಲ್ಲ ಈಗ ಯಾಕೆ ಅಂದರೆ, ಮೊನ್ನೆ ಬಾವ್ ಲೀ ಪ್ರಕರಣ ಓದಿದೆ. ಆ ಹೆಸರು ಪತ್ರಿಕೆಗಳು ಇಟ್ಟದ್ದು, ನಿಜದ್ದಲ್ಲ. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದವಳು. ಅವಳಿಗೆ ಹಿಂದೆ ಒಂದು ಸಂಬಂಧ ಇತ್ತು ಎಂಬುದನ್ನೇ ಹಿಡಿದುಕೊಂಡು ಪ್ರಿಯಕರ ಚುಚ್ಚಿದ, ಮತ್ತೆ ಮತ್ತೆ ಚುಚ್ಚಿದ. 2019ರ ಅಕ್ಟೋಬರ್‌ನಲ್ಲಿ ಅವಳು ಸಾಯಲು ಹೋದಳು. ಆರು ತಿಂಗಳು ಆಸ್ಪತ್ರೆಯಲ್ಲಿದ್ದು, 2020ರ ಏಪ್ರಿಲ್‌ನಲ್ಲಿ ತೀರಿಕೊಂಡಳು. 2023ರ ಜೂನ್‌ನಲ್ಲಿ ಬೀಜಿಂಗ್‌ನ ಕೋರ್ಟು ಅವನಿಗೆ 3 ವರ್ಷ 2 ತಿಂಗಳ ಜೈಲು ವಿಧಿಸಿತು. ಮದುವೆ ಆಗಿರಲಿಲ್ಲ, ಆದರೂ ಜೊತೆಗೆ ಬಾಳಿದವರು ಮನೆಯವರೇ ಎಂದಿತು. 2016ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಅಲ್ಲಿನ ಕೌಟುಂಬಿಕ ಹಿಂಸೆ ತಡೆ ಕಾನೂನು ಕೂಡ ಪದೇ ಪದೇ ಬೈಯುವುದು, ಬೆದರಿಸುವುದನ್ನು ಹಿಂಸೆ ಎಂದೇ ಎಣಿಸುತ್ತದೆ. ಶಿಕ್ಷೆ ಬಿದ್ದದ್ದು ಹೊಡೆತಕ್ಕಲ್ಲ ಮಂಜ, ಮಾತಿಗೆ.

'ನಾನು ಹೆಂಡತಿ ಮೇಲೆ ಕೈ ಎತ್ತಿದವನಲ್ಲ' ಎಂದು ನಿನ್ನೆದುರು ಎಷ್ಟು ಸಲ ಕೊಚ್ಚಿಕೊಂಡಿದ್ದೇನೆ ಅಲ್ವಾ? ಮದುವೆಯಾದ ಹೊಸದರಲ್ಲಿ ಇವಳು ಬಸ್ಸು ಹತ್ತಿದ ಕೂಡಲೇ ಸೀಟಿನ ಫೋಟೋ ಕಳಿಸಬೇಕಿತ್ತು. ಪಕ್ಕದಲ್ಲಿ ಯಾರು ಕೂತಿದ್ದಾರೆ ಕಾಣಬೇಕಿತ್ತು. ಕಳಿಸದ ದಿನ ನಾನು ಬೈಯುತ್ತಿರಲಿಲ್ಲ. ಮಾತು ಬಿಡುತ್ತಿದ್ದೆ. ಒಮ್ಮೆ ಒಂಬತ್ತು ದಿನ ಬಿಟ್ಟಿದ್ದೆ. ಕೊನೆಗೆ ಅವಳೇ ಅತ್ತು ತಪ್ಪಾಯ್ತು ಅಂದಳು. ಏನು ತಪ್ಪು ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ. ಆ ವರ್ಷ ಅವಳ ಗ್ಯಾಸ್ಟ್ರಿಕ್‌ಗೆ ಮೂರು ಡಾಕ್ಟರನ್ನು ಬದಲಾಯಿಸಿದೆವು. ಎಂಡೋಸ್ಕೋಪಿಯೂ ಆಯಿತು. ಎಲ್ಲ ನಾರ್ಮಲ್.

ಇಷ್ಟು ಬರೆಯಬೇಕೆಂದು ಕೂತವನಲ್ಲ ನಾನು. ಚೀನಾ ಸುದ್ದಿ ಹೇಳಿ, ಸ್ವಲ್ಪ ಬುದ್ಧಿವಂತನ ಹಾಗೆ ಕಂಡು ಮುಗಿಸೋಣ ಅಂತಿದ್ದೆ. ಅಳಿಸುವ ಮೊದಲು ಇವಳಿಗೆ ತೋರಿಸಿದೆ. ಪೂರ್ತಿ ಓದಿದಳು. 'ಹಾಕು, ನನ್ನ ಹೆಸರು ಬೇಡ' ಅಂದಳು. ಬಾಗಿಲ ತನಕ ಹೋಗಿ ತಿರುಗಿ, 'ಒಂಬತ್ತಲ್ಲ, ಹನ್ನೊಂದು ದಿನ' ಅಂದಳು.

ನಾನು ಲೆಕ್ಕದಲ್ಲಿ ಮೊದಲಿನಿಂದಲೂ ವೀಕು, ನಿನಗೇ ಗೊತ್ತಲ್ಲ. ಕೊಡೆ ಈ ಮಳೆಗಾಲಕ್ಕೆ ಖಂಡಿತ.

ನಿನ್ನ,
ಹಳೇ ಬಾಕಿದಾರ